ಹಳೇ ರೈಜೆನ್‌ನಲ್ಲಿ 3200 ರ‍್ಯಾಮ್, ಅದೂ ಮಡಿಕೇರಿಯ ಚಳಿಯಲ್ಲಿ: ನನ್ನ ಅನುಭವ

ಎಎಮ್‌ಡಿಯ ರೈಜೆನ್ 5 1600 ಪ್ರೊಸೆಸರ್, 2017ರಲ್ಲಿ ತಗೊಂಡ ಬಿ350 ಬೋರ್ಡು, ಎಂಟೆಂಟು ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್. ನನ್ನ ಸ್ಟುಡಿಯೋದಲ್ಲಿ ಇವು ಓವರ್‌ಕ್ಲಾಕ್ ಆಗಿ, ಅಂದರೆ ಎಎಮ್‌ಡಿ ಹೇಳಿದ್ದಕ್ಕಿಂತ ಹೆಚ್ಚಿನ ವೇಗಕ್ಕೆ ಏರಿ, 3200ರಲ್ಲಿ (ಸೆಕೆಂಡಿಗೆ ಇಷ್ಟು ಮಿಲಿಯನ್ ಸಲ ಡೇಟಾ ವರ್ಗಾವಣೆ) ಓಡುತ್ತಾ ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಚಳಿಗಾಲ ದಾಟಿವೆ. ಇಷ್ಟು ದಿನದಲ್ಲಿ ಒಂದು ನೀಲಿ ಪರದೆ ಬಂದಿಲ್ಲ, ಒಂದು ಫೈಲ್ ಕೆಟ್ಟಿಲ್ಲ. ಮೊದಲ ತಲೆಮಾರಿನ ರೈಜೆನ್ 2933 ದಾಟಿದರೆ ದುಡಿಮೆಗೆ ನಂಬೋಕಾಗಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕುಶಾಲನಗರದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ "ಸುಮ್ನೆ ಬೋರ್ಡ್ ಸುಟ್ಕೊಳ್ತೀಯ ಮಾರಾಯ, ಹೊಸದು ತಗೋ" ಎಂದಿದ್ದ. ಈಗ ಅವನೇ ತನ್ನ ಗಿರಾಕಿಯ ಮೆಷಿನ್ ಒಂದನ್ನು ಇದೇ ಕೆಲಸಕ್ಕೆ ನನ್ನ ಹತ್ತಿರ ಕಳಿಸಿದ್ದಾನೆ. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು.

ಹೊಸದು ತಗೊಳ್ಳುವ ಲೆಕ್ಕ ನಾನೂ ಹಾಕಿದ್ದೆ. ಬೋರ್ಡು, ಪ್ರೊಸೆಸರ್, ಡಿಡಿಆರ್5 ಮೂರೂ ಸೇರಿ ಮೈಸೂರಿನ ಅಂಗಡಿಯಲ್ಲಿ ಐವತ್ತು ಸಾವಿರದ ಹತ್ತಿರ ಹೇಳಿದರು. ಆಮೇಲೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ್ದು ನಿಮಗೆಲ್ಲ ಗೊತ್ತೇ ಇದೆ. ಎಐ ಡೇಟಾ ಸೆಂಟರ್‌ಗಳು ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿವೆ. ಮೈಕ್ರಾನ್‌ನವರು ಕ್ರೂಶಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುವುದನ್ನೇ ನಿಲ್ಲಿಸುತ್ತೇವೆ ಎಂದು ಆ ಡಿಸೆಂಬರ್‌ನಲ್ಲಿ ಹೇಳಿಬಿಟ್ಟರು. ನಮ್ಮ ಕಡೆ ಮದುವೆ ಸೀಸನ್ ಏಪ್ರಿಲ್, ಮೇ ತಿಂಗಳು. ಎಡಿಟಿಂಗ್ ದುಡ್ಡು ಕೈಗೆ ಬರುವುದು ಅದಾದ ಮೇಲೆ. ಇರುವುದರಲ್ಲೇ ಎಷ್ಟು ಹಿಂಡಬಹುದು ನೋಡೋಣ ಎಂದು ಕೂತೆ.

ಬಯೋಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಜಾಗ) ಕೈ ಹಾಕುವ ಮೊದಲು ನಮ್ಮ ಊರಿನವರು ಮಾಡಲೇಬೇಕಾದ ಕೆಲಸ ಒಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಗಾಳಿಯಲ್ಲಿ ಎಷ್ಟು ಪಸೆ ಇರುತ್ತದೆ ಅಂತ ಚರ್ಮದ ಚಪ್ಪಲಿ ಇಟ್ಟವರಿಗೆ ಗೊತ್ತು. ಸ್ಟಿಕ್ ಹೊರಗೆ ತೆಗೆದು ಬೆಳಕಿಗೆ ಓರೆ ಹಿಡಿದು ನೋಡಿ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಪೊರೆ ಇರುತ್ತದೆ. ನನ್ನದರಲ್ಲಿ ಸ್ಲಾಟ್ ಒಳಗೆ ಕೂರುವ ಗೆರೆಯವರೆಗೆ ಹೊಳಪು, ಅದರ ಮೇಲೆ ಕಂದು ಬಣ್ಣ. ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿದೆ. ಸ್ಲಾಟಿಗೆ ಊದುಗೊಳವೆ ಹಿಡಿಯಬೇಡಿ, ಬಾಯಿಯ ಉಗುಳು ಹೋಗುತ್ತದೆ. ಮೆತ್ತನೆಯ ಬ್ರಷ್ ಸಾಕು. ಇಷ್ಟಕ್ಕೇ ಅಪರೂಪಕ್ಕೊಮ್ಮೆ ಬರುತ್ತಿದ್ದ ಎರರ್ ನಿಂತುಹೋಯಿತು. ಓವರ್‌ಕ್ಲಾಕ್ ಸೋತಿತು ಎನ್ನುವವರಲ್ಲಿ ಎಷ್ಟೋ ಜನ ಈ ಕೊಳೆಯಿಂದಲೇ ಸೋತಿರುತ್ತಾರೆ ಎಂದು ನನ್ನ ನಂಬಿಕೆ.

ಮೊದಲು ಪ್ರಯತ್ನ ಮಾಡಿದ್ದು ಜೊತೆಗೆ ಬಂದಿದ್ದ 2400, ಸಿಎಲ್17ರ (ಕೇಳಿದ ಡೇಟಾ ಬರಲು ಕಾಯುವ ಕ್ಲಾಕ್ ಎಣಿಕೆ) ಹಸಿರು ಸ್ಟಿಕ್‌ಗಳಲ್ಲಿ. 2666 ಬೂಟ್ ಆಯಿತು, ಟೆಸ್ಟ್ ಕೂಡ ಪಾಸ್. 2800ಕ್ಕೆ ವಿಂಡೋಸ್ ಬರುತ್ತದೆ, ಟೆಸ್ಟ್‌ನಲ್ಲಿ ಎರರ್ ಸುರಿಮಳೆ. 2933ಕ್ಕೆ ಫ್ಯಾನ್ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಕೊನೆಗೆ ಬೋರ್ಡೇ ಸೋತು 2133ಕ್ಕೆ ಇಳಿದು ಬೂಟ್ ಆಗುತ್ತದೆ. ವೋಲ್ಟೇಜ್ 1.40ರವರೆಗೆ ಏರಿಸಿದರೂ ಏನೂ ಬದಲಾಗಲಿಲ್ಲ. ಚಿಪ್ಪಿನಲ್ಲೇ ದಮ್ಮಿಲ್ಲದಿದ್ದರೆ ವೋಲ್ಟೇಜ್ ಏರಿಸಿ ಪ್ರಯೋಜನವಿಲ್ಲ. ಅವನ್ನು ಬದಿಗಿಟ್ಟೆ.

ಹಳೇ ಸ್ಟಿಕ್ ಹುಡುಕುವುದರಲ್ಲಿ ಒಂದಿಷ್ಟು ದುಡ್ಡು ನೀರಿಗೆ ಹೋಯಿತು. ಬೆಂಗಳೂರಿನಿಂದ ತರಿಸಿದ ಮೊದಲ ಜೋಡಿಯ ಮೇಲೆ 3200 ಎಂದು ಸ್ಟಿಕ್ಕರ್ ಇತ್ತು. ಸ್ಟಿಕ್ ಒಳಗಿನ ವಿವರ ಓದುವ ಥೈಫೂನ್ ಬರ್ನರ್ ಸಾಫ್ಟ್‌ವೇರ್‌ನಲ್ಲಿ ಓದಿದರೆ ಎರಡು ಸ್ಟಿಕ್‌ಗೂ ಬೇರೆ ಬೇರೆ ಚಿಪ್ಪು! ಮಾರಿದವನು ಫೋನ್ ಎತ್ತಲಿಲ್ಲ. ಎರಡೂವರೆ ಸಾವಿರ ಹೋಯಿತು. ಎರಡನೇ ಸಲ ಚಿಪ್ಪಿನ ವಿವರದ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆಯೇ ದುಡ್ಡು ಹಾಕಿದೆ. ಮೈಕ್ರಾನ್ ಇ-ಡೈ (ಚಿಪ್ಪಿನ ಒಂದು ತಳಿ) ಇರುವ ಜೋಡಿ, ಮೂರು ಸಾವಿರದ ಆಸುಪಾಸು. ಬೆಲೆ ಏರುವ ಮೊದಲಿನ ಮಾತು ಇದು. ಸ್ಯಾಮ್‌ಸಂಗ್ ಬಿ-ಡೈ ಸಿಕ್ಕಿದರೆ ಇನ್ನೂ ಒಳ್ಳೆಯದು, ಆದರೆ ಅದಕ್ಕೆ ಕೇಳುವ ರೇಟು ಹಳೇ ಮೆಷಿನ್‌ಗೆ ಹೊಂದುವಂಥದ್ದಲ್ಲ. ಇ-ಡೈಗೆ ಆರ್‌ಸಿಡಿ ಎನ್ನುವ ಟೈಮಿಂಗ್ ಬಿಗಿ ಆಗಲ್ಲ, 18ರಲ್ಲಿ ಬಿಟ್ಟುಬಿಡಿ. ಅದರ ಜೊತೆ ಹಟ ಮಾಡಬೇಡಿ.

ಹಸಿರು ಸ್ಟಿಕ್‌ಗಳನ್ನೂ ಸೇರಿಸಿ ನಾಲ್ಕು ಹಾಕುವ ಆಸೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ಎಎಮ್‌ಡಿಯವರೇ ಈ ತಲೆಮಾರಿಗೆ ಕೊಟ್ಟ ಲೆಕ್ಕ ಹೀಗಿದೆ (ರ‍್ಯಾಂಕ್ ಅಂದರೆ ಸ್ಟಿಕ್ ಮೇಲಿನ ಚಿಪ್ಪುಗಳ ಗುಂಪು): ಸಿಂಗಲ್ ರ‍್ಯಾಂಕ್ ಎರಡು ಸ್ಟಿಕ್‌ಗೆ 2666, ನಾಲ್ಕಕ್ಕೆ 2133. ಡ್ಯುಯಲ್ ರ‍್ಯಾಂಕ್ ಆದರೆ ಎರಡಕ್ಕೆ 2400, ನಾಲ್ಕಕ್ಕೆ ಬರೀ 1866. ಎರಡು ಸ್ಟಿಕ್, ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟು. ಮುಗೀತು.

ಬಯೋಸ್ ಅಪ್‌ಡೇಟ್ ಮಾಡದೆ ಮುಂದೆ ಹೋಗಬೇಡಿ. 2017ರ ಮಧ್ಯದಲ್ಲಿ ಬಂದ ಎಜೆಸಾ (ಬಯೋಸ್ ಒಳಗಿನ ಎಎಮ್‌ಡಿ ಕೋಡ್) 1.0.0.6ಕ್ಕಿಂತ ಹಳೆಯದಿದ್ದರೆ ಬೇಕಾದ ಆಯ್ಕೆಗಳೇ ಪರದೆಯಲ್ಲಿ ಕಾಣುವುದಿಲ್ಲ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ, ಮರ ಬಿದ್ದರೆ ಆಯಿತು. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ, ಸಾವಿರ ಚಿಲ್ಲರೆ ಆಯಿತು, ಆಮೇಲೆ ಫ್ಲ್ಯಾಶ್ ಮಾಡಿದೆ. ಬೋರ್ಡಿನ ಸಿಆರ್2032 ಸೆಲ್ ಕೂಡ ಹೊಸದು ಹಾಕಿದೆ, ಐವತ್ತು ರೂಪಾಯಿ. ಸೆಟ್ಟಿಂಗ್ ತಪ್ಪಿದರೆ ಸಿಮೋಸ್ ಕ್ಲಿಯರ್ ಮಾಡುವುದು, ಅಂದರೆ ಬಯೋಸ್ ಸೆಟ್ಟಿಂಗ್ ಎಲ್ಲ ಅಳಿಸುವುದು, ಇದ್ದೇ ಇದೆ. ಹಳೇ ಸೆಲ್ ಇದ್ದರೆ ಸೆಟ್ಟಿಂಗ್ ಹೋದದ್ದು ನಿಮ್ಮಿಂದಲೋ ಸೆಲ್‌ನಿಂದಲೋ ಗೊತ್ತೇ ಆಗಲ್ಲ.

ವೋಲ್ಟೇಜ್ ವಿಷಯದಲ್ಲಿ ನನ್ನದು ಗಟ್ಟಿ ಗೆರೆ. ಡಿಡಿಆರ್4ಗೆ ಸ್ಟ್ಯಾಂಡರ್ಡ್ 1.2 ವೋಲ್ಟ್, ಹೆಚ್ಚಿನ ವೇಗದ ಪ್ರೊಫೈಲ್ ಇರುವ ಎಕ್ಸ್‌ಎಂಪಿ ಸ್ಟಿಕ್‌ಗಳು 1.35ಕ್ಕೆಂದೇ ಬರುತ್ತವೆ. ದಿನಬಳಕೆಗೆ 1.40 ದಾಟಲ್ಲ. ಎಸ್‌ಒಸಿ (ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಭಾಗದ ವೋಲ್ಟೇಜ್) 1.1 ದಾಟಲ್ಲ. ಆಟೋದಲ್ಲಿ ಬಿಟ್ಟರೆ ಕೆಲವು ಬೋರ್ಡು ತಾನೇ ಜಾಸ್ತಿ ಕೊಡುತ್ತದೆ, ಅದಕ್ಕೆ ಕೈಯಿಂದಲೇ ಹಾಕಿ. ನನ್ನದೀಗ ರ‍್ಯಾಮ್‌ಗೆ 1.37, ಎಸ್‌ಒಸಿಗೆ 1.05ರ ಹತ್ತಿರ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದೆ. ಟೈಮಿಂಗ್ ಸಡಿಲ ಬಿಟ್ಟು ಫ್ರೀಕ್ವೆನ್ಸಿ ಏರಿಸುತ್ತಾ ಹೋದೆ. 2933 ಸಲೀಸು. 3066 ಬೂಟೇ ಆಗಲ್ಲ. ಇಲ್ಲಿಗೇ ಮುಗೀತು ಎಂದು ಎಲ್ಲರೂ ಕೈ ಬಿಡುತ್ತಾರೆ. ನಾನು ಅದನ್ನು ಹಾರಿ ನೇರ 3200 ಹಾಕಿದೆ. ಬೂಟ್ ಆಯಿತು! ಈ ತಲೆಮಾರಿನ ಮೆಮೊರಿ ಕಂಟ್ರೋಲರ್‌ನಲ್ಲಿ ನಡುನಡುವೆ ಕೆಲಸ ಮಾಡದ ಜಾಗಗಳಿರುತ್ತವೆ, ಹಳ್ಳ ಅನ್ನಿ. ಸಿಎಲ್‌ಡಿಒ ವಿಡಿಡಿಪಿ ಎನ್ನುವ ವೋಲ್ಟೇಜ್ ಮೌಲ್ಯವನ್ನು ಕೆಲವೇ ಮಿಲಿವೋಲ್ಟ್ ಆಚೀಚೆ ಮಾಡಿದರೆ ಆ ಹಳ್ಳ ಜಾಗ ಬದಲಿಸುತ್ತದೆ. ಬರೀ ರೀಸ್ಟಾರ್ಟ್ ಮಾಡಿದರೆ ಈ ಬದಲಾವಣೆ ಹತ್ತುವುದಿಲ್ಲ, ಪವರ್ ಪೂರ್ತಿ ತೆಗೆದು ಹಾಕಬೇಕು. ಎಷ್ಟು ಮಿಲಿವೋಲ್ಟ್ ಎಂದು ನಾನು ಬರೆಯುವುದಿಲ್ಲ. ಎಷ್ಟೋ ರಾತ್ರಿ ಕೂತು ಹುಡುಕಿದ ಅಂಕಿ ಅದು, ಈಗ ಅದರಿಂದಲೇ ನಾಲ್ಕು ಕಾಸು ಬರುತ್ತಿದೆ. ದಾರಿ ಹೇಳಿದ್ದೇನೆ, ನೀವೂ ಹುಡುಕಬಹುದು.

ಸಿಎಲ್15 ಹಾಕಿದರೂ 16 ತೋರಿಸುತ್ತದೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಗಿಯರ್ ಡೌನ್ ಮೋಡ್ ಆನ್ ಇದ್ದರೆ ಬೆಸ ಸಂಖ್ಯೆ ಸಮಕ್ಕೆ ಏರುತ್ತದೆ. ನಾನು ಆನ್ ಇಟ್ಟೇ 16-18-18-36 ಟೈಮಿಂಗ್‌ನಲ್ಲಿ ನಿಂತೆ.

ಇನ್ನು ಚಳಿಯ ವಿಷಯ. ನನ್ನ ಪ್ರಕಾರ ಇದೇ ಮುಖ್ಯ. ಎಲ್ಲರೂ ಬಿಸಿ ಬಿಸಿ ಅಂತ ಬಿಸಿಯಲ್ಲೇ ಟೆಸ್ಟ್ ಮಾಡುತ್ತಾರೆ. ನನ್ನ ಸೆಟ್ಟಿಂಗ್ ಹಗಲು ರಾತ್ರಿ ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್ ಟೆಸ್ಟ್‌ಮೆಮ್5 ಓಡಿಸಿದರೂ ಗಟ್ಟಿಯಾಗಿ ನಿಂತಿತ್ತು. ಜನವರಿ ಬಂತು. ಬೆಳಗ್ಗೆ ಸ್ಟುಡಿಯೋ ಬಾಗಿಲು ತೆಗೆದಾಗ ಒಳಗೆ 13, 14 ಡಿಗ್ರಿ. ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿ ನಿಂತು, ಮತ್ತೆ ತಿರುಗಿ ನಿಂತು, 2133. ಅರ್ಧ ಗಂಟೆ ಬೆಚ್ಚಗಾದ ಮೇಲೆ ಅದೇ ಸೆಟ್ಟಿಂಗ್ ಆರಾಮಾಗಿ ಬೂಟ್. ಬೋರ್ಡು ಪ್ರತಿ ಸಲ ಪವರ್ ಬಂದಾಗ ಮೆಮೊರಿಯನ್ನು ಹೊಸದಾಗಿ ಟ್ರೇನ್ ಮಾಡುತ್ತದೆ. ಆಟೋದಲ್ಲಿ ಬಿಟ್ಟ ಅಂಕಿಗಳು ಒಂದೊಂದು ಸಲ ಒಂದೊಂದು ಥರ ಕೂರುತ್ತವೆ. ಪ್ರೊಕ್‌ಒಡಿಟಿಯನ್ನು (ಪ್ರೊಸೆಸರ್ ಕಡೆಯ ರೋಧ) ಆಟೋ ತೆಗೆದು 53.3 ಓಮ್‌ಗೆ ಕೂರಿಸಿದೆ. 60ರಲ್ಲಿ ಪರವಾಗಿಲ್ಲ, 48ರಲ್ಲಿ ಬೂಟಿಲ್ಲ. ಅದರ ಜೊತೆ ಇನ್ನೊಂದು ಅಂಕಿಯನ್ನೂ ಕೈಯಿಂದ ಹಾಕಿದ್ದೇನೆ, ಅದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಆಮೇಲೆ ದಿನಾ ರಾತ್ರಿ ಗೋಡೆಯ ಸ್ವಿಚ್ ಆರಿಸಿ, ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಕಳೆದು, ಬೆಳಗ್ಗೆ ಕಾಫಿಗೆ ಮೊದಲು ಬೂಟ್ ಮಾಡಿ ನೋಡುವುದು. ಆ ಜನವರಿಯ ಕೊನೆಗೆ 3200 ಬಿಟ್ಟು ಬೇರೆ ಅಂಕಿ ತೋರಿಸುವುದೇ ನಿಂತುಹೋಯಿತು. ಊಟಿ, ಚಿಕ್ಕಮಗಳೂರು ಕಡೆಯವರೂ ಇದನ್ನು ಗಮನಿಸಿ.

ಟೆಸ್ಟ್ ಹೇಗೆ ಮಾಡಿದೆ ಎಂದು ಕೇಳುವವರಿಗೆ: ಮೊದಲು ವಿಂಡೋಸ್ ಡಿಸ್ಕಿನ ಕೇಬಲ್ ಕಿತ್ತಿಡಿ. ತಪ್ಪು ಮೆಮೊರಿಯಲ್ಲಿ ವಿಂಡೋಸ್ ಬೂಟ್ ಆದರೆ ಅದು ಬರೆಯುವುದೆಲ್ಲ ತಪ್ಪೇ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86, ಪುಕ್ಕಟೆಯದ್ದು ನಾಲ್ಕು ಪಾಸ್ ಓಡುತ್ತದೆ. ಆಮೇಲೆ ಕೆಲಸಕ್ಕೆ ಬಾರದ ಒಂದು ಹಳೇ ಎಸ್‌ಎಸ್‌ಡಿಯಲ್ಲಿ ಬೇರೆ ವಿಂಡೋಸ್ ಹಾಕಿ ಟೆಸ್ಟ್‌ಮೆಮ್5. ಅದೂ ಪಾಸಾದರೆ ನನ್ನದೇ ಟೆಸ್ಟ್. ಹಳೇ ಮದುವೆಯ ಫೋಟೋ ಫೋಲ್ಡರಿನ ನಕಲು, ಅರವತ್ತು ಜಿಬಿ ಇರಬೇಕು, ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಮಾಡಿ ಎರಡೂ ಕಡೆ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಅಂಕಿ) ತಾಳೆ ನೋಡುವುದು. ಒಂದು ಸಲ ಟಿಆರ್‌ಎಫ್‌ಸಿ (ಮೆಮೊರಿ ರಿಫ್ರೆಶ್‌ಗೆ ಕೊಡುವ ಸಮಯ, ಕ್ಲಾಕ್ ಲೆಕ್ಕದಲ್ಲಿ) ತುಂಬಾ ಬಿಗಿ ಮಾಡಿದ್ದೆ, 420ರ ಸುತ್ತ. ಎರಡೂ ಟೆಸ್ಟ್ ಪಾಸ್. ಆದರೆ ಒಂದೆರಡು ಫೈಲಿನ ಹ್ಯಾಶ್ ತಾಳೆ ಆಗಲಿಲ್ಲ. ಒಂದನ್ನು ತೆರೆದೆ. ಮದುಮಗಳ ಹಣೆ, ಕಣ್ಣು ಸರಿ ಇತ್ತು. ಮೂಗಿನ ಕೆಳಗಿನಿಂದ ಚಿತ್ರ ಬಲಕ್ಕೆ ಜರುಗಿ ಕೆಂಪು ರೇಷ್ಮೆ ಸೀರೆ ಪೂರ್ತಿ ಹಸಿರಾಗಿತ್ತು. ಎಲ್ಲೋ ಒಂದು ಬಿಟ್ ತಿರುಗಿದ್ದಕ್ಕೆ ಅಷ್ಟು ಸಾಕು. ಗಿರಾಕಿಯ ಅಸಲಿ ಫೋಟೋದಲ್ಲಿ ಹೀಗಾದರೆ ಯಾರು ಹೊಣೆ ಹೇಳಿ! ಎಂಟು ಗಿಗಾಬಿಟ್ ಚಿಪ್ಪಿಗೆ ಸ್ಟ್ಯಾಂಡರ್ಡ್ 350 ನ್ಯಾನೋಸೆಕೆಂಡ್, ಅಂದರೆ 3200ರಲ್ಲಿ 560. ಈಗ 500ರ ಮೇಲೇ ಇಟ್ಟಿದ್ದೇನೆ. ಕೊನೆಯ ಒಂದು ಪರ್ಸೆಂಟ್ ವೇಗ ನನಗೆ ಬೇಡ.

ಬಿಸಿಗೂ ಒಂದು ಉಪಾಯ ಮಾಡಿದೆ. ಏಪ್ರಿಲ್‌ನಲ್ಲಿ ಉದ್ದನೆಯ ಎಕ್ಸ್‌ಪೋರ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರ ಸ್ಟಿಕ್‌ಗಳಿಗೆ ಬಡಿಯುತ್ತದೆ. ಹಳೇ ಕ್ಯಾಬಿನೆಟ್‌ನಿಂದ ಕಿತ್ತ ಒಂದು 92 ಎಂಎಂ ಫ್ಯಾನನ್ನು ಕೇಬಲ್ ಟೈ ಹಾಕಿ ಸ್ಟಿಕ್ ಮೇಲೆ ಕಟ್ಟಿದೆ. ನಿಧಾನಕ್ಕೆ ತಿರುಗಿದರೂ ಸಾಕು, ಮುಟ್ಟಿದರೆ ಬೆಚ್ಚಗಷ್ಟೇ. ಖರ್ಚಿಲ್ಲ.

ನಡುವೆ ಚಿಕ್ಕಪ್ಪನ ಮೆಷಿನ್ ಮೇಲೂ ಕೈಯಾಡಿಸಿದೆ. ನಾಪೋಕ್ಲು ಹತ್ತಿರದ ತೋಟದಲ್ಲಿ ಕಾಫಿ, ಕರಿಮೆಣಸಿನ ಲೆಕ್ಕಕ್ಕೆ ಇಟ್ಟಿರುವ ಎಚ್61 ಬೋರ್ಡು, ಎರಡನೇ ತಲೆಮಾರಿನ ಐ5. ಅಲ್ಲಿ 1333ರ ಮೇಲೆ ಆಯ್ಕೆಯೇ ಬರಲ್ಲ, ಬೀಗ ಹಾಕಿಬಿಟ್ಟಿದ್ದಾರೆ. ಸಿಎಲ್ 9ರಿಂದ 8ಕ್ಕೆ ಇಳಿಸಿದೆ, ಓಡಿತು. ಅಳೆದರೆ ಮಾತ್ರ ಕಾಣುವಷ್ಟು ಲಾಭ. "ಏನು ಮಾಡ್ದೆ ಮಗಾ, ಹಾಗೇ ಇದೆಯಲ್ಲ" ಎಂದರು ಚಿಕ್ಕಪ್ಪ. ಅದನ್ನು ಬಿಟ್ಟು ಒಂದು ಎಸ್‌ಎಸ್‌ಡಿ ಹಾಕಿಕೊಟ್ಟೆ, ಈಗ ಖುಷಿಯಾಗಿದ್ದಾರೆ. ಇಂಟೆಲ್‌ನ ಹಳೇ ಎಚ್, ಬಿ ಸರಣಿ ಬೋರ್ಡಿನವರು ಈ ದಾರಿಗೆ ಬರಬೇಡಿ.

ನನಗೆ ಸಿಕ್ಕ ಲಾಭ ಎಷ್ಟು? ವೇಗ ಅಳೆಯುವ ಐಡಾ64ರಲ್ಲಿ ಲೇಟೆನ್ಸಿ (ಡೇಟಾ ಬರಲು ಹಿಡಿಯುವ ನ್ಯಾನೋಸೆಕೆಂಡ್) 95ರ ಹತ್ತಿರ ಇದ್ದದ್ದು 76, 77ಕ್ಕೆ ಬಂತು. ರೀಡ್ ಸೆಕೆಂಡಿಗೆ 36ರಿಂದ 48 ಜಿಬಿಗೆ ಏರಿತು. ಈ ಪ್ರೊಸೆಸರ್‌ನ ಆರು ಕೋರು ಮೂರು ಮೂರರ ಎರಡು ಗುಂಪು. ಅವುಗಳ ನಡುವಿನ ಸಂಪರ್ಕ ದಾರಿಯಾದ ಇನ್ಫಿನಿಟಿ ಫ್ಯಾಬ್ರಿಕ್ ರ‍್ಯಾಮ್ ಕ್ಲಾಕಿನ ಜೊತೆಗೇ ಓಡುತ್ತದೆ. ಹಾಗಾಗಿ ಇಲ್ಲಿ ಸಿಗುವ ಲಾಭ ಬೇರೆ ಕಡೆಗಿಂತ ಜಾಸ್ತಿ. ಒಂದು ಗಂಟೆ ಹತ್ತು ನಿಮಿಷ ಹಿಡಿಯುತ್ತಿದ್ದ ಎಕ್ಸ್‌ಪೋರ್ಟ್ ಈಗ ಒಂದು ಗಂಟೆ ಮೂರು ನಾಲ್ಕು ನಿಮಿಷ. ಅಷ್ಟೇನಾ ಅನ್ನಬಹುದು. ಆದರೆ ಟೈಮ್‌ಲೈನ್ ಎಳೆಯುವಾಗ ಆಗುತ್ತಿದ್ದ ತಡವರಿಕೆ ಹೋಗಿದೆ. ದಿನವಿಡೀ ಕೂತು ಎಡಿಟ್ ಮಾಡುವವನಿಗೆ ಅದರ ಬೆಲೆ ಗೊತ್ತು. ಅಕ್ಕನ ಮಗ ಗೇಮ್ ಆಡಿ ನೋಡಿ "ಮಾಮಾ, ಹೊಸ ಕಾರ್ಡ್ ಹಾಕಿದ್ರಾ" ಎಂದು ಕೇಳಿದ.

ಹಾಳಾದ ಜೋಡಿಯ ದುಡ್ಡೂ ಸೇರಿ ಒಟ್ಟು ಆರೂವರೆ, ಏಳು ಸಾವಿರ ಖರ್ಚಾಗಿರಬಹುದು. ಐವತ್ತು ಸಾವಿರದ ಮುಂದೆ ಅದೇನು ಜಾಸ್ತಿಯಲ್ಲ, ಅಲ್ವಾ?

3333 ಕೂಡ ಬೂಟ್ ಆಗುತ್ತದೆ, ಆದರೆ ಫೋಟೋ ಟೆಸ್ಟ್ ದಾಟುವುದಿಲ್ಲ. ಅದನ್ನು ಬಿಟ್ಟೆ. ಕುಶಾಲನಗರದ ಗೆಳೆಯ ಕಳಿಸಿದ ಮೆಷಿನ್ ರೈಜೆನ್ 7 1700, ನಾಲ್ಕು ಸ್ಟಿಕ್‌ಗಳದ್ದು. ಎರಡು ಕಿತ್ತು ಟೇಬಲ್ ಮೇಲಿಟ್ಟಿದ್ದೇನೆ, ಸದ್ಯ 2933ರಲ್ಲಿ ಮೆಮ್‌ಟೆಸ್ಟ್ ಮೂರನೇ ಪಾಸ್ ಓಡುತ್ತಿದೆ.