ಕುಡಗೋಲಿನ ಗಾಯ: ಹೊಲಿಗೆಗೆ ಮೊದಲು ಬೆರಳು ಮಡಚಿಸಿ ನೋಡಬೇಕು

ತೊಗರಿ ಕೊಯ್ಲಿನ ದಿನಗಳಲ್ಲಿ ಕಲಬುರಗಿಯಲ್ಲಿ ನನ್ನ ಹತ್ತಿರ ಬರುವ ಗಾಯದ ಕೈ ಹೆಚ್ಚಾಗಿ ಎಡಗೈ. ಬಲಗೈಯಲ್ಲಿ ಕುಡಗೋಲು, ಎಡ ಮುಷ್ಟಿಯಲ್ಲಿ ಗಿಡದ ಬುಡ. ಅಲಗು ಜಾರಿದರೆ ಸಿಗುವುದು ಎಡಗೈ ಬೆರಳೇ. "ಗಾಯ ಸಣ್ಣದದ ರೀ, ಎರಡು ಹೊಲಿಗಿ ಹಾಕ್ಯಾರ, ಆದ್ರ ಬೆರಳು ಮಡಚ್ಲಿಕ್ಕೆ ಬರವಲ್ದು" ಎಂದು ಹದಿನೈದು ದಿನದ ಮೇಲೆ ಬರುವವರನ್ನು ಕಂಡರೆ ಸಂಕಟವಾಗುತ್ತದೆ. ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ, ಅಂದರೆ ಟೆಂಡನ್, ಕಡಿದಿದೆಯೋ ಇಲ್ಲವೋ ಎಂಬುದು ಚರ್ಮ ಹೊಲಿಯುವ ಮೊದಲೇ ಎರಡು ನಿಮಿಷದಲ್ಲಿ ತಿಳಿಯುವ ಸಂಗತಿ.

ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳನ್ನು ಮಡಚಲು ಎರಡೆರಡು ಟೆಂಡನ್ ಇವೆ. ನಡುಗೆಣ್ಣನ್ನು ನೆಟ್ಟಗೆ ಹಿಡಿದು ತುದಿ ಮಡಚಿಸುತ್ತೇನೆ. ಮಡಚದಿದ್ದರೆ ಆಳದ ಟೆಂಡನ್ ಹೋಗಿದೆ. ಆಮೇಲೆ ಉಳಿದ ಬೆರಳುಗಳನ್ನು ನೆಟ್ಟಗೆ ಒತ್ತಿಹಿಡಿದು ಗಾಯದ ಬೆರಳೊಂದನ್ನೇ ಮಡಚಿಸುತ್ತೇನೆ. ನಡುಗೆಣ್ಣು ಮಡಚದಿದ್ದರೆ ಮೇಲಿನದು ಹೋಗಿದೆ. ಈ ಎರಡನೆಯದನ್ನು ಬಿಟ್ಟರೆ ಮೋಸ ಹೋಗುತ್ತೇವೆ, ಏಕೆಂದರೆ ಆಳದ ಟೆಂಡನ್ ಒಂದೇ ಇಡೀ ಬೆರಳನ್ನು ಮಡಚಬಲ್ಲದು. ಕಿರುಬೆರಳಿನಲ್ಲಿ ಮೇಲಿನ ಟೆಂಡನ್ ಕೆಲವರಿಗೆ ಸ್ವತಂತ್ರವಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಇನ್ನೊಂದು ಕೈಗೆ ಹೋಲಿಸಬೇಕು. ಮಡಚಲು ಬಂದರೂ ಎದುರು ಒತ್ತಿದಾಗ ನೋವಾದರೆ ಅರ್ಧ ಕಡಿದಿರಬಹುದು. ಮರಗಟ್ಟಿಸುವ ಇಂಜೆಕ್ಷನ್‌ಗೆ ಮೊದಲೇ ಬೆರಳತುದಿಯ ಎರಡೂ ಬದಿಯ ಸ್ಪರ್ಶ ನೋಡಬೇಕು. ನರ ಪಕ್ಕದಲ್ಲೇ ಇರುತ್ತದೆ.

ಮುಷ್ಟಿ ಬಿಗಿದಿದ್ದಾಗ ಕಡಿದ ಟೆಂಡನ್ನಿನ ಮುಂದಿನ ತುದಿ, ಬೆರಳು ಚಾಚಿದಾಗ ಗಾಯದಿಂದ ಮುಂದಕ್ಕೆ ಸರಿಯುತ್ತದೆ. ಹಿಂದಿನ ತುದಿಯನ್ನು ಸ್ನಾಯು ಅಂಗೈಯತ್ತ ಎಳೆದುಕೊಂಡಿರುತ್ತದೆ. ಗಾಯದ ಬಾಯಲ್ಲಿ ಬಿಳಿ ದಾರ ಕಾಣಲಿಲ್ಲವೆಂದು ಟೆಂಡನ್ ಚೆನ್ನಾಗಿದೆ ಎನ್ನುವಂತಿಲ್ಲ.

ಅಂಗೈಯ ಮೇಲ್ಗೆರೆಯಿಂದ ಬೆರಳಿನ ನಡುಮೂಳೆಯ ಅರ್ಧದವರೆಗೆ ಎರಡೂ ಟೆಂಡನ್ ಒಂದೇ ಇಕ್ಕಟ್ಟಿನ ಕೊಳವೆಯಲ್ಲಿ ಓಡುತ್ತವೆ. ಇಲ್ಲಿ ಕಡಿದರೆ 7ರಿಂದ 10 ದಿನದೊಳಗೆ ಜೋಡಿಸುವುದು ಒಳ್ಳೆಯದು. ಮೂರು ವಾರ ದಾಟಿದರೆ ಸ್ನಾಯು ಗಿಡ್ಡವಾಗಿ ತುದಿಗಳು ಕೂಡದೆ, ಬೇರೆ ಕಡೆಯ ಟೆಂಡನ್ ತಂದು ಹಾಕಬೇಕಾಗಬಹುದು. 3-0 ಅಥವಾ 4-0 ದಪ್ಪದ ಕರಗದ ದಾರದಿಂದ, ಕಡಿದ ಜಾಗ ದಾಟುವಂತೆ ಕನಿಷ್ಠ ನಾಲ್ಕು ಎಳೆ ಹಾಕುತ್ತೇನೆ, ತುದಿಯಿಂದ ಸುಮಾರು 1 ಸೆಂ.ಮೀ. ಹಿಡಿದು, ಸುತ್ತಲೂ ಅದಕ್ಕಿಂತ ತೆಳುವಾದ 6-0 ದಾರ. ಮರಗಟ್ಟಿಸಿ ಎಚ್ಚರವಿಟ್ಟೇ ಮಾಡಿದರೆ ಟೇಬಲ್ ಮೇಲೆಯೇ ಬೆರಳು ಮಡಚಿಸಿ, ಸಂದು ಬಿಟ್ಟರೆ ಆಗಲೇ ಬಿಗಿಮಾಡಬಹುದು. ಶಹಾಬಾದ್ ಕಲ್ಲು ಕೊಯ್ಯುವ ಬ್ಲೇಡಿನ ಗಾಯದಲ್ಲಿ ತುದಿಗಳು ಹರಕಾಗಿ ಕಲ್ಲಿನ ಧೂಳು ತುಂಬಿರುತ್ತದೆ. ಅಲ್ಲಿ ತೊಳೆಯುವುದೇ ಮೊದಲ ಕೆಲಸ.

ಇಷ್ಟು ಅರ್ಧ ಕೆಲಸ. ಕೈ ಹಿಂಬದಿಗೆ ಸ್ಪ್ಲಿಂಟ್ (ಗಟ್ಟಿ ಆಸರೆಪಟ್ಟಿ) ಕಟ್ಟುತ್ತೇನೆ: ಮಣಿಕಟ್ಟು ನೇರ, ಬುಡದ ಗೆಣ್ಣು 50ರಿಂದ 60 ಡಿಗ್ರಿ ಬಾಗಿ, ಬೆರಳು ನೆಟ್ಟಗೆ. ಮೂರರಿಂದ ಐದನೇ ದಿನದೊಳಗೆ ವ್ಯಾಯಾಮ ಶುರು. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ, ಇನ್ನೊಂದು ಕೈಯಿಂದ ಹತ್ತು ಸಲ ಪೂರ್ತಿ ಮಡಚಬೇಕು; ಆಮೇಲೆ ಸ್ವಂತ ಬಲದಿಂದ ಮೆಲ್ಲಗೆ ಅರ್ಧ ಮುಷ್ಟಿ; ಪ್ರತಿ ಸಲ ಬೆರಳು ಸ್ಪ್ಲಿಂಟಿಗೆ ತಾಗುವವರೆಗೆ ಚಾಚಬೇಕು. ಚಾಚುವುದನ್ನು ಬಿಟ್ಟವರಿಗೆ ನಡುಗೆಣ್ಣು ಬಾಗಿಯೇ ಉಳಿಯುತ್ತದೆ. ಅಲುಗಾಡಿಸದೆ ಇಟ್ಟರೆ ಟೆಂಡನ್ ಕೊಳವೆಗೇ ಅಂಟಿಕೊಳ್ಳುತ್ತದೆ.

ನೋವು ಕಡಿಮೆಯಾದ ಎರಡು-ಮೂರನೇ ವಾರವೇ ಅಪಾಯದ ಕಾಲ. ರೊಟ್ಟಿ ಬಡಿಯಲು ಸ್ಪ್ಲಿಂಟ್ ಬಿಚ್ಚಿಟ್ಟರೆ ಹೊಲಿಗೆ ಕಿತ್ತುಬರುತ್ತದೆ. ಆದ್ದರಿಂದ ಅತ್ತೆ-ಸೊಸೆ ಇಬ್ಬರನ್ನೂ ಕೂರಿಸಿ ಹೇಳುತ್ತೇನೆ: ಆರು ವಾರ ಸ್ಪ್ಲಿಂಟ್, ರೊಟ್ಟಿ ಹತ್ತು ವಾರದ ಮೇಲೆ, ತುಂಬಿದ ಕೊಡ, ಕುಡಗೋಲು ಹನ್ನೆರಡು ವಾರದ ಮೇಲೆ. ಪ್ಲಾಸ್ಟಿಕ್ ಸ್ಪ್ಲಿಂಟನ್ನು ನಮ್ಮ ಬೇಸಿಗೆ ಬಿಸಿಲಿನಲ್ಲಿ ಇಟ್ಟರೆ ಆಕಾರ ಕೆಡುತ್ತದೆ. ಒಳಗೆ ಕೈಗೆ ಹತ್ತಿಯ ಹೊದಿಕೆ ಹಾಕಿ ದಿನಾ ಬದಲಿಸಬೇಕು. ಮಡಚುತ್ತಿದ್ದ ಬೆರಳು ಒಮ್ಮೆಲೇ ನಿಂತರೆ ಅದೇ ದಿನ ಬರಬೇಕು.

ಬೆರಳಿನ ತುದಿ ಕೆಳಗೆ ಜೋತುಬಿದ್ದು ಎತ್ತಲು ಬಾರದಿದ್ದರೆ ಅದು ಹಿಂಬದಿಯ ಟೆಂಡನ್ನಿನ ಪೆಟ್ಟು. ಚರ್ಮ ಹರಿಯದ ಪೆಟ್ಟಾಗಿದ್ದು ಎಕ್ಸ್-ರೇಯಲ್ಲಿ ಮೂಳೆಯ ದೊಡ್ಡ ಚೂರು ಕಾಣದಿದ್ದರೆ ಆಪರೇಷನ್ ಬೇಡ. ತುದಿಗೆಣ್ಣೊಂದನ್ನೇ ನೆಟ್ಟಗೆ ಕಟ್ಟಿ ಆರರಿಂದ ಎಂಟು ವಾರ, ಹಗಲು ರಾತ್ರಿ ಇಡಬೇಕು. ತೊಳೆಯುವಾಗ ಬೆರಳನ್ನು ಮೇಜಿನ ಮೇಲೆ ಒತ್ತಿಟ್ಟೇ ಪಟ್ಟಿ ಬದಲಿಸಬೇಕು. ನಡುವೆ ಒಮ್ಮೆ ಬಾಗಿದರೂ ಎಣಿಕೆ ಮತ್ತೆ ಮೊದಲ ದಿನದಿಂದ.