ಆರೋಗ್ಯ ವಿಮೆ ಮಾಡಿಸ್ತೀರಾ? ಮೊದಲು ರೂಮ್ ಬಾಡಿಗೆ ಕೇಳಿ

ಕಳೆದ ವರ್ಷ ಅಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಐದು ದಿನ ಆಸ್ಪತ್ರೆ, ಬಿಲ್ 1,20,000 ರೂಪಾಯಿ. 3 ಲಕ್ಷದ ಪಾಲಿಸಿ ಇದೆಯಲ್ಲ ಅಂತ ಧೈರ್ಯವಾಗಿದ್ದೆವು. ಡಿಸ್ಚಾರ್ಜ್ ದಿನ ಕೌಂಟರ್‌ನಲ್ಲಿ, ನೀವು 45,000 ಕಟ್ಟಬೇಕು ಅಂದರು.

ಕಾರಣ ರೂಮ್. ನಮ್ಮ ಪಾಲಿಸಿಯಲ್ಲಿ ದಿನದ ಬಾಡಿಗೆಗೆ ವಿಮಾ ಮೊತ್ತದ ಶೇ 1, ಅಂದರೆ 3,000 ರೂಪಾಯಿ ಮಿತಿ ಇತ್ತು. ನಾವು ತೆಗೆದುಕೊಂಡಿದ್ದು 6,000ದ ರೂಮ್. ಹೆಚ್ಚಿನ ಬಾಡಿಗೆ 15,000 ಕೊಟ್ಟರೆ ಮುಗೀತು ಅಂದುಕೊಂಡಿದ್ದೆವು. ಹಾಗಲ್ಲ. ಬಾಡಿಗೆಯಲ್ಲಿ ಅರ್ಧ ಕಡಿತವಾದರೆ ಡಾಕ್ಟರ್ ಫೀ, ನರ್ಸಿಂಗ್, ಆಪರೇಷನ್ ಥಿಯೇಟರ್ ಅಂತ 60,000 ಇತ್ತಲ್ಲ, ಅದರಲ್ಲೂ ಅರ್ಧವೇ ಸಿಗುವುದು. ಔಷಧಿ, ಟೆಸ್ಟ್‌ಗಳ 30,000 ಮಾತ್ರ ಪೂರ್ತಿ ಬಂತು. ಅದಕ್ಕೇ ಹೇಳುತ್ತಿದ್ದೇನೆ, ಪ್ರೀಮಿಯಂ ಎಷ್ಟು ಅಂತ ಆಮೇಲೆ ಕೇಳಿ. ರೂಮ್ ಬಾಡಿಗೆಗೆ ಮಿತಿ ಇಲ್ಲದ, ಇಲ್ಲವೇ ಸಿಂಗಲ್ ರೂಮ್ ಕೊಡುವ ಪಾಲಿಸಿಯನ್ನೇ ಹುಡುಕಿ.

ಹುಡುಕುವ ಮುಂಚೆ ನಿಮ್ಮ ಕೈಯಲ್ಲಿ ಈಗಾಗಲೇ ಏನಿದೆ ನೋಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆಫೀಸಿನ ವಿಮೆ ಒಳ್ಳೆಯದೇ, ಆದರೆ ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ.

ಗಂಡ, ಹೆಂಡತಿ, ಮಕ್ಕಳಿಗೆ ಒಂದೇ ಫ್ಯಾಮಿಲಿ ಫ್ಲೋಟರ್ ಸಾಕು, ಅಂದರೆ ಒಂದೇ ವಿಮಾ ಮೊತ್ತವನ್ನು ಮನೆಯವರೆಲ್ಲ ಹಂಚಿಕೊಳ್ಳುವ ಪಾಲಿಸಿ. ಅಪ್ಪ ಅಮ್ಮನನ್ನು ಅದಕ್ಕೆ ಸೇರಿಸಬೇಡಿ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸು ನೋಡಿ ಪ್ರೀಮಿಯಂ ಹಾಕುವುದರಿಂದ ಎಲ್ಲರದ್ದೂ ಜಾಸ್ತಿಯಾಗುತ್ತದೆ. ಅವರಿಗೆ ಬೇರೆಯೇ ಮಾಡಿಸಿ. ಅವರ ಪಾಲಿಸಿಯಲ್ಲಿ ಕೋ-ಪೇ ಇದೆಯಾ ನೋಡಿ. ಶೇ 20 ಅಂತಿದ್ದರೆ 2 ಲಕ್ಷದ ಕ್ಲೇಮ್‌ನಲ್ಲಿ 40,000 ನಿಮ್ಮ ಜೇಬಿನಿಂದಲೇ ಹೋಗಬೇಕು.

ಆಮೇಲೆ ಕಾಯುವ ಅವಧಿ. ಮೊದಲ 30 ದಿನ ಅಪಘಾತಕ್ಕೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಕಿಡ್ನಿ ಕಲ್ಲಿಗೆ ಸಾಮಾನ್ಯವಾಗಿ 2 ವರ್ಷ. ಶುಗರ್, ಬಿಪಿಯಂಥ ಮೊದಲೇ ಇರುವ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ. ಮೊದಲು ಇದು 4 ವರ್ಷ ಇತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇಳಿಸಿತು.

ಫಾರ್ಮ್ ತುಂಬುವಾಗ ಪಕ್ಕದಲ್ಲೇ ಕೂತಿರಿ. 'ಶುಗರ್ ಇದೆ ಅಂತ ಬರೀಬೇಡಿ ಸರ್, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ' ಅನ್ನುವ ಏಜೆಂಟರಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ನಾಳೆ ಆಸ್ಪತ್ರೆಗೆ ಸೇರುವಾಗ ಡ್ಯೂಟಿ ಡಾಕ್ಟರ್ 'ಶುಗರ್ ಎಷ್ಟು ವರ್ಷದಿಂದ ಇದೆ?' ಅಂತ ಕೇಳುತ್ತಾರೆ, ನೀವು 'ಎಂಟು ವರ್ಷದಿಂದ' ಅನ್ನುತ್ತೀರಿ, ಅದು ಕೇಸ್ ಶೀಟಿಗೆ ಹೋಗುತ್ತದೆ, ಅಲ್ಲಿಂದ ವಿಮಾ ಕಂಪನಿಗೆ. ಕ್ಲೇಮ್ ತಿರಸ್ಕಾರವಾಗಲು ಅಷ್ಟು ಸಾಕು.

ಕ್ಯಾಶ್‌ಲೆಸ್, ಅಂದರೆ ವಿಮಾ ಕಂಪನಿಯೇ ನೇರವಾಗಿ ಬಿಲ್ ಕಟ್ಟುವ ಆಸ್ಪತ್ರೆಗಳ ಪಟ್ಟಿ ಎಷ್ಟು ಉದ್ದ ಇದೆ ಅನ್ನುವುದು ಮುಖ್ಯವಲ್ಲ. ರಾತ್ರಿ ಎರಡು ಗಂಟೆಗೆ ನೀವು ಓಡುವ ಆಸ್ಪತ್ರೆ ಅದರಲ್ಲಿದೆಯಾ? ಒಮ್ಮೆ ಅಲ್ಲಿನ ಇನ್ಶೂರೆನ್ಸ್ ಡೆಸ್ಕ್‌ಗೇ ಹೋಗಿ ಕೇಳಿ. ಯಾವ ಕಂಪನಿ ಸತಾಯಿಸುತ್ತದೆ ಅನ್ನುವುದೂ ಅವರಿಗೆ ಗೊತ್ತಿರುತ್ತದೆ.

ಇಷ್ಟಾದ ಮೇಲೆ ಪ್ರೀಮಿಯಂ ಹೋಲಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಲೋಟರ್ ಪಾಲಿಸಿಗಳಿಗೆ ಶೇ 18ರ ಜಿಎಸ್‌ಟಿ ಇಲ್ಲ, ಹಳೆಯ ಲೆಕ್ಕ ತೋರಿಸಿದರೆ ಒಪ್ಪಬೇಡಿ.

ಪಾಲಿಸಿ ಕೈಗೆ ಬಂದ ದಿನವೇ ಕೂತು ಓದಿ. ಹೇಳಿದ್ದೊಂದು ಬರೆದಿದ್ದೊಂದು ಆಗಿದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು, ಸಣ್ಣ ಕಡಿತ ಬಿಟ್ಟು ದುಡ್ಡು ಬರುತ್ತದೆ. ಈಗಿರುವ ಪಾಲಿಸಿ ಬೇಡವಾದರೆ ನಿಲ್ಲಿಸಿಬಿಡಬೇಡಿ, ಪೋರ್ಟ್ ಮಾಡಿಸಿ, ಅಂದರೆ ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಿ. ಕಾದ ವರ್ಷಗಳು ಹಾಗೇ ಲೆಕ್ಕಕ್ಕೆ ಬರುತ್ತವೆ. ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಬೇಕು. ಅಮ್ಮನ ಪಾಲಿಸಿಯನ್ನು ನಾವು ಹಾಗೇ ಬದಲಾಯಿಸಿದೆವು. ಈಗ ಅದರ ಕಾರ್ಡ್ ನನ್ನ ಮೊಬೈಲ್‌ನಲ್ಲಿದೆ, ತಂಗಿಯ ಮೊಬೈಲ್‌ನಲ್ಲೂ ಇದೆ, ಒಂದು ಪ್ರಿಂಟ್ ಅಮ್ಮನ ಪರ್ಸಿನಲ್ಲಿದೆ.