ಮಳೆಗಾಲದ ದುಡಿ, ಹವಾಯಿ ಚಪ್ಪಲಿಯ ಪ್ಯಾಡ್

ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ದುಡಿ (ಕೊಡಗಿನ ಸಣ್ಣ ಚರ್ಮವಾದ್ಯ) ಬಾರಿಸಬೇಕಾದರೆ ಒಲೆ ಪಕ್ಕದಲ್ಲೇ ಕೂರಬೇಕು. ತೇವಕ್ಕೆ ಚರ್ಮ ಸಡಿಲಾಗುತ್ತದೆ. ಕಾಯಿಸಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತೆ ಡಬ್ ಡಬ್. ಬೇಸಿಗೆಯಲ್ಲಿ ಮಾವನ ದುಡಿಯ ಪೆಟ್ಟುಗಳನ್ನು ರೆಕಾರ್ಡ್ ಮಾಡಿಟ್ಟಿದ್ದೆ. ಅವನ್ನೇ ಲ್ಯಾಪ್‌ಟಾಪಿಗೆ ಹಾಕಿ ಕೈಯಿಂದ ಬಾರಿಸಿದರೆ ಹೇಗೆ ಅಂತ ಯೋಚನೆ ಬಂತು.

ಮನೆಯಲ್ಲಿ ಆರ್ಡುಯಿನೊ ಊನೊ ಇತ್ತು, ಕೋಡ್ ಬರೆದು ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್. ಅದರ ಮುಖ್ಯ ಚಿಪ್ ಎಟಿಮೆಗಾ328ಪಿಯಲ್ಲಿ ಯುಎಸ್‌ಬಿ ಇಲ್ಲ, ಹಾಗಾಗಿ ತಾನೊಂದು ವಾದ್ಯ ಅಂತ ಲ್ಯಾಪ್‌ಟಾಪಿಗೆ ನೇರವಾಗಿ ಹೇಳಿಕೊಳ್ಳಲಾರದು. ಅದು ಗೊತ್ತಾಗುವಷ್ಟರಲ್ಲಿ ಎರಡು ಸಂಜೆ ಹಾಳು. ಯುಎಸ್‌ಬಿ ಇರುವ ಎಟಿಮೆಗಾ32ಯು4 ಚಿಪ್ಪಿನ ಪ್ರೋ ಮೈಕ್ರೋ ಬೋರ್ಡ್ ತರಿಸಿದೆ. ವಾದ್ಯಗಳು ಕಂಪ್ಯೂಟರಿನ ಜೊತೆ ಮಾತಾಡುವ ಭಾಷೆ ಮಿಡಿ; ಅದಕ್ಕೆಂದೇ ಇರುವ ಮಿಡಿಯುಎಸ್‌ಬಿ ಲೈಬ್ರರಿ ಹಾಕಿದೆ. ಲ್ಯಾಪ್‌ಟಾಪ್ ಯಾವ ಡ್ರೈವರ್ರೂ ಕೇಳದೆ ಅದನ್ನು ಮಿಡಿ ಸಾಧನ ಅಂತ ಗುರುತಿಸಿತು. (ಮೊದಲ ಸಲ ಗುರುತಿಸಲಿಲ್ಲ. ಕೇಬಲ್ ಬರೀ ಚಾರ್ಜಿಂಗಿನದು!)

ಈ ತಂತಿಯಲ್ಲಿ ಶಬ್ದ ಹೋಗುವುದಿಲ್ಲ, ಸುದ್ದಿ ಮಾತ್ರ ಹೋಗುತ್ತದೆ: ಯಾವ ಚಾನೆಲ್, ಯಾವ ನೋಟ್, ಎಷ್ಟು ಜೋರು. ಒಂದು ಸುದ್ದಿಗೆ 4 ಬೈಟ್. ಡ್ರಮ್ಮಿಗೆ ಸಾಮಾನ್ಯವಾಗಿ 10ನೇ ಚಾನೆಲ್. ಕೋಡಿನಲ್ಲಿ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ 9 ಬರೆಯಬೇಕು. ಕಳಿಸಿದ ಮೇಲೆ ಫ್ಲಶ್ ಮಾಡುವುದನ್ನು (ಕಾದು ಕೂತ ಸುದ್ದಿಯನ್ನು ತಕ್ಷಣ ಹೊರದಬ್ಬುವುದನ್ನು) ಮರೆತು ಒಂದು ಗಂಟೆ ತಲೆ ಕೆರೆದುಕೊಂಡಿದ್ದೂ ಉಂಟು.

ಬಾರಿಸುವ ಪ್ಯಾಡಿಗೆ ಒಂದು ಪೀಜೋ ಡಿಸ್ಕ್ (ಪೆಟ್ಟು ಬಿದ್ದರೆ ವೋಲ್ಟೇಜ್ ಕೊಡುವ ಬಿಲ್ಲೆ), ಅದಕ್ಕೆ ಅಡ್ಡಲಾಗಿ 1 ಮೆಗಾಓಮ್ ರೆಸಿಸ್ಟರ್. ಜೋರು ಪೆಟ್ಟಿಗೆ ಡಿಸ್ಕಿನ ವೋಲ್ಟೇಜ್ 5 ದಾಟಬಹುದು, ಅದನ್ನು ತಡೆದು ಚಿಪ್ ಉಳಿಸಲು 5.1 ವೋಲ್ಟಿನ ಜೀನರ್ ಡಯೋಡ್ ಕೂಡ. ಮೇಲೆ ಹಳೇ ಹವಾಯಿ ಚಪ್ಪಲಿಯ ತುಂಡು. ಇದಕ್ಕಿಂತ ಒಳ್ಳೆ ರಬ್ಬರ್ ನನಗೆ ಸಿಗಲಿಲ್ಲ.

ನಿಜವಾದ ಕಷ್ಟ ಇಲ್ಲಿಂದ ಶುರು. ಮಾವ ಒಂದು ಪೆಟ್ಟು ಹಾಕಿ ನನ್ನ ಮುಖ ನೋಡಿದರು. "ಎಂಥ ಮಾರಾಯಾ, ಒಂದು ಹೊಡೆದರೆ ಮೂರು ಬೀಳ್ತದಲ್ಲಾ?"

ಪೆಟ್ಟು ಬಿದ್ದ ಮೇಲೂ ಡಿಸ್ಕ್ ಅದುರುತ್ತಲೇ ಇರುತ್ತದೆ. ಚಿಪ್ಪಿಗೆ ಪ್ರತಿ ಅದುರೂ ಹೊಸ ಪೆಟ್ಟೇ. ಹಾಗಾಗಿ ವೋಲ್ಟೇಜ್ ನಾನಿಟ್ಟ ಮಿತಿ ದಾಟಿದ ತಕ್ಷಣ ನೋಟ್ ಕಳಿಸುವುದನ್ನು ಬಿಟ್ಟೆ. 3 ಮಿಲಿಸೆಕೆಂಡ್ ಓದುತ್ತಾ ಇದ್ದು, ಸಿಕ್ಕಿದ್ದರಲ್ಲಿ ದೊಡ್ಡ ಬೆಲೆಯನ್ನು ಇಟ್ಟುಕೊಂಡೆ. ಓದು ಸಿಗುವುದು 0ಯಿಂದ 1023ರವರೆಗೆ, ಮಿಡಿಗೆ ಬೇಕಾದದ್ದು 127ರೊಳಗೆ. 8ರಿಂದ ಭಾಗಿಸಿದರೆ ಆಯಿತು. ಆದರೆ ಸೊನ್ನೆ ಮಾತ್ರ ಬರಬಾರದು, ವೆಲಾಸಿಟಿ (ಪೆಟ್ಟಿನ ಜೋರು) ಸೊನ್ನೆಯ ನೋಟ್ ಆನ್ ಬಂದರೆ ನೋಟ್ ಆಫ್, ಅಂದರೆ ನೋಟ್ ನಿಲ್ಲಿಸು ಅಂತಲೇ ಲೆಕ್ಕ.

ನೋಟ್ ಕಳಿಸಿದ ಮೇಲೆ ಚಿಪ್ ಸ್ವಲ್ಪ ಹೊತ್ತು ಕಿವಿ ಮುಚ್ಚಿಕೊಳ್ಳಬೇಕು. ಮೊದಲು 100 ಮಿಲಿಸೆಕೆಂಡ್ ಇಟ್ಟೆ. ನನ್ನ ಕೈಗೆ ಧಾರಾಳ ಸಾಕಿತ್ತು. ಮಾವ ವೇಗ ಹಿಡಿದಾಗ ಪೆಟ್ಟುಗಳೇ ಮಾಯ. 20ಕ್ಕೆ ಇಳಿಸಿದರೆ ಮತ್ತೆ ಜೋಡಿ ಪೆಟ್ಟು. ಕೊನೆಗೆ 35ಕ್ಕೆ ಬಂದು ನಿಂತಿತು. ಬೇರೆ ಡಿಸ್ಕ್, ಬೇರೆ ಹಲಗೆ ಆದರೆ ಈ ಅಂಕಿಯೂ ಬೇರೆ. ಕೂತು ಬಾರಿಸಿಯೇ ನೋಡಬೇಕು.

ಈಗ ಎರಡನೇ ಪ್ಯಾಡಿನ ಜಗಳ. ಒಂದಕ್ಕೆ ಹೊಡೆದರೆ ಪಕ್ಕದ್ದೂ ಕೂಗುತ್ತದೆ, ಎರಡೂ ಒಂದೇ ಹಲಗೆಯ ಮೇಲಿವೆ ಅಲ್ವಾ. ಹಲಗೆಯನ್ನು ಕೊಯ್ದು ಎರಡು ಮಾಡಿದ್ದೇನೆ. ಅಡಿಗೆ ಹಾಕಲು ಚಪ್ಪಲಿಯ ಇನ್ನೊಂದು ಕಾಲೂ ಹೋಯಿತು.